ಕಟ್ಟೆಯಮ್ಮನ ಫೋಟೋ ತೆಗೆದ ನೀಲಾಂಬಿಕೆ

ನಮ್ಮ ನೀಲಾಂಬಿಕೆಯ ಮಾತು ಬಂದರೆ ಜನ ಅವಳ ತಾಳ್ಮೆ, ಅವಳ ಒಳ್ಳೆಯತನ ಅಂತ ಶುರು ಮಾಡುತ್ತಾರೆ. ಸುಡುಗಾಡು ತಾಳ್ಮೆ! ಅವಳಿಗೆ ತಾಳ್ಮೆ ಇದ್ದದ್ದು ಫೋಟೋ ತೊಳೆಯುವಾಗ ಮಾತ್ರ. ಒಲೆಯ ಮೇಲೆ ಹಾಲಿಟ್ಟು ಹಿತ್ತಲ ಕಡೆಯ ಕತ್ತಲೆ ಕೋಣೆಗೆ ಹೋದಳೆಂದರೆ ಹಾಲು ಉಕ್ಕಿ, ಒಲೆ ಆರಿ, ಬೆಕ್ಕು ಬಂದು ಹೋದರೂ ಹೊರಗೆ ಬರುತ್ತಿರಲಿಲ್ಲ. ನಾನು ಶುರು ಮಾಡುವುದಾದರೆ ಅವಳ ಉಗುರಿನಿಂದ. ಫೋಟೋದ ಔಷಧದಲ್ಲಿ ಅದ್ದಿ ಅದ್ದಿ ಅವಳ ಹತ್ತೂ ಉಗುರು ಕಂದುಗಟ್ಟಿದ್ದವು. ಒಂದು ಮದುವೆ ಮನೆಯಲ್ಲಿ ಅವಳು ಬಡಿಸಲು ಬಂದಾಗ ಒಬ್ಬಾಕೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, ಇದೇನು ರೋಗವೋ ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನ ಮಗಳ ಫೋಟೋ ಅಷ್ಟು ಬೆಳ್ಳಗೆ ಬಂದದ್ದು ಇದೇ ಉಗುರಿನಿಂದ ಕಣೇ ಎಂದು ಪಂಕ್ತಿಯಲ್ಲೇ ಹೇಳಿಬಿಟ್ಟೆ. ನೀಲಾ ನಕ್ಕು ಮುಂದಿನ ಎಲೆಗೆ ಹೋದಳು.

ನಾನು ರಾಜೇಶ್ವರಮ್ಮ. ಶಿರಾಳಕೊಪ್ಪದ ಸಂತೆ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ವೀರಬಸಪ್ಪ ನನ್ನ ತಮ್ಮ. ನೀಲಾಂಬಿಕೆ ಅವನ ಹೆಂಡತಿ, ಸೊರಬ ತಾಲ್ಲೂಕಿನ ಆನವಟ್ಟಿಯ ಹುಡುಗಿ. ನನ್ನ ಗಂಡ ತೀರಿಕೊಂಡ ಮೇಲೆ ನಾನು ತಮ್ಮನ ಮನೆಯಲ್ಲೇ ಉಳಿದೆ. ಆದ್ದರಿಂದ ಈಗ ಹೇಳುವುದೆಲ್ಲ ಕಣ್ಣಾರೆ ಕಂಡದ್ದು, ಯಾರೋ ಹೇಳಿದ್ದನ್ನು ಕೇಳಿ ಹೇಳುತ್ತಿಲ್ಲ.

ಸ್ಟುಡಿಯೋ ಅಂದರೆ ಒಂದು ಉದ್ದನೆಯ ಕೋಣೆ. ಗೋಡೆಗೆ ಅರಮನೆಯ ಮೆಟ್ಟಿಲು, ಹೂವಿನ ತೋಟ ಬರೆದ ಪರದೆ; ಅದರ ಮುಂದೆ ಒಂದು ಕುರ್ಚಿ, ಒಂದು ಕಾಗದದ ಹೂವಿನ ಕುಂಡ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ವೀರಬಸ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ನೋಡಿ, ಗಾಜಿನ ಪ್ಲೇಟು ಸೇರಿಸಿ, ಲೆನ್ಸಿನ ಮುಚ್ಚಳ ತೆಗೆದು, ಬಾಯೊಳಗೇ ಓಂ ನಮಃ ಶಿವಾಯ ಎನ್ನುತ್ತಿದ್ದ. ಮೋಡವಿದ್ದರೆ ಹೆಚ್ಚು ಸಲ, ಬಿಸಿಲಿದ್ದರೆ ಕಡಿಮೆ ಸಲ. ಅದೇ ಅವನ ಗಡಿಯಾರ. ಮುಚ್ಚಳ ಹಾಕಿದಲ್ಲಿಗೆ ಅವನ ಕೆಲಸ ಮುಗಿಯಿತು. ಆ ಗಾಜನ್ನು ಕತ್ತಲೆಯಲ್ಲಿ ತೊಳೆದು, ಒಣಗಿಸಿ, ಕಾಗದಕ್ಕೆ ಇಳಿಸುವುದೆಲ್ಲ ನೀಲಾನ ಕೆಲಸ.

ಇನ್ನೊಂದು ಕೆಲಸ ಅವಳ ಕೈಯಲ್ಲಿತ್ತು, ಅದಕ್ಕೇ ಜನ ಶಿಕಾರಿಪುರದಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಆಗ ಸಿಡುಬು ಬಾರದ ಮನೆ ಇರಲಿಲ್ಲ. ವರನಿಗೆ ಕಳಿಸುವ ಫೋಟೋದಲ್ಲಿ ಹುಡುಗಿಯ ಮುಖದ ಕಲೆ ಕಾಣಬಾರದು. ನೀಲಾ ಗಾಜನ್ನು ಬೆಳಕಿಗೆ ಹಿಡಿದು, ಮಸೂರದಲ್ಲಿ ನೋಡುತ್ತ, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಒಂದೊಂದೇ ಕುಳಿ ಮುಚ್ಚುತ್ತಿದ್ದಳು. ಕಾಗದಕ್ಕೆ ಇಳಿಸಿದರೆ ಮುಖ ಬೆಣ್ಣೆ. ಒಂದು ಸಲ ಮಾತ್ರ ಅನಾಹುತವಾಯಿತು. ಫೋಟೋ ನೋಡಿ ಒಪ್ಪಿದ ಗಂಡಿನ ಕಡೆಯವರು ಹುಡುಗಿಯನ್ನು ನೋಡಲು ಬಂದು, ಕಾಫಿ ಸಹ ಕುಡಿಯದೆ ಎದ್ದುಹೋದರು. ಆ ಹುಡುಗಿ ನಮ್ಮ ಸ್ಟುಡಿಯೋಕ್ಕೆ ಬಂದು ಬಾಗಿಲಲ್ಲಿ ನಿಂತು, ನನ್ನ ಮುಖಕ್ಕೆ ಏನಾಗಿತ್ತು ಅಂತ ಅಳಿಸಿದೆ ಎಂದು ನೀಲಾನನ್ನು ಕೇಳಿದಳು. ನೀಲಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೂ ಪೆನ್ಸಿಲು ಹಿಡಿಯುತ್ತಿದ್ದಳು, ಹೊಟ್ಟೆಪಾಡು ನೋಡಿ, ಆದರೆ ಮೊದಲಿನ ಉಮೇದು ಇರಲಿಲ್ಲ.

ಅವಳ ಉಮೇದೆಲ್ಲ ಕ್ಯಾಮೆರಾದ ಮೇಲೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಪ್ಪು ಬಟ್ಟೆಯೊಳಗೆ ನುಗ್ಗಿ ಖಾಲಿ ಕುರ್ಚಿಯನ್ನೇ ನೋಡುತ್ತ ನಿಲ್ಲುವಳು. ಒಂದೇ ಒಂದು ಫೋಟೋ ತೆಗೀತೀನಿ ಎಂದು ಗೋಗರೆದರೂ ನನ್ನ ತಮ್ಮ ಬಿಡಲಿಲ್ಲ. ಹೆಂಗಸು ಕ್ಯಾಮೆರಾ ಹಿಡಿದರೆ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ ಎನ್ನುವುದು ಅವನ ವಾದ. ಹೆಂಗಸು ತೊಳೆದ ಫೋಟೋ ಜೇಬಲ್ಲಿಟ್ಟುಕೊಂಡು ಹೋಗ್ತಾರಲ್ಲೋ ಎಂದು ನಾನು ಕೇಳಿದರೆ, ಅದು ಅವರಿಗೆ ಗೊತ್ತಿಲ್ಲವಲ್ಲ ಎನ್ನುತ್ತಿದ್ದ. ಇಂಥವನಿಗೆ ಏನು ಹೇಳೋಣ.

ಸಾವಿರದ ಒಂಬೈನೂರ ಐವತ್ತೆಂಟರ ಚಳಿಗಾಲದಲ್ಲಿ ಮ್ಯೂಸಿಯಂ ಕಡೆಯ ಸಾಹೇಬರೊಬ್ಬರು ಬಂದರು. ತೆಳ್ಳಗಿನ ಮನುಷ್ಯ, ಮಾತಿಗೊಮ್ಮೆ ಕನ್ನಡಕ ಒರೆಸುವವರು. ಬಂದಳಿಕೆಯ ಗುಡಿಗಳಲ್ಲಿ, ಹೊಲಗಳಲ್ಲಿ ಬಿದ್ದಿರುವ ಶಿಲ್ಪಗಳ ಫೋಟೋ ಬೇಕು, ಊರೂರಿನ ಕಲ್ಲುಗಳನ್ನೆಲ್ಲ ಮ್ಯೂಸಿಯಂಗೆ ಸಾಗಿಸಲು ಆಗುವುದಿಲ್ಲ, ಫೋಟೋಗಳನ್ನಾದರೂ ಒಂದು ಕಡೆ ಕೂಡಿಡಬೇಕು ಎಂದರು. ವೀರಬಸ ಕುಣಿದುಬಿಟ್ಟ. ಮಾರನೆಯ ದಿನವೇ ಗಾಡಿ ಕಟ್ಟಿಕೊಂಡು ಹೋದ. ಹೋದವನು ಸುಮ್ಮನೆ ಹೋಗಲಿಲ್ಲ, ಮಹಾರಾಯ, ಅರಮನೆಯ ಪರದೆಯನ್ನೂ ಹೂವಿನ ಕುಂಡವನ್ನೂ ಹೇರಿಕೊಂಡು ಹೋದ! ಯುದ್ಧದಲ್ಲಿ ಸತ್ತ ವೀರನ ಕಲ್ಲಿನ ಹಿಂದೆ ಅರಮನೆಯ ಮೆಟ್ಟಿಲು, ಪಕ್ಕದಲ್ಲಿ ಕಾಗದದ ಗುಲಾಬಿ. ಕಲ್ಲು ಮಿಂಚಲಿ ಎಂದು ಮೈಗೆಲ್ಲ ಎಣ್ಣೆ ಬೇರೆ ಹಚ್ಚಿದ್ದ. ಫೋಟೋ ನೋಡಿದ ಸಾಹೇಬರು ಕನ್ನಡಕ ಒರೆಸಿದರು, ಮತ್ತೆ ನೋಡಿದರು, ಮತ್ತೆ ಒರೆಸಿದರು. ಕೊನೆಗೆ, ಕಲ್ಲು ಇದ್ದ ಹಾಗೇ ಬರಬೇಕು ವೀರಬಸಪ್ಪನವರೇ, ಹೂವಿಲ್ಲ, ಎಣ್ಣೆಯಿಲ್ಲ, ಹಿಂದೆ ಬರಿಯ ಬಿಳಿ ಬಟ್ಟೆ, ಪಕ್ಕದಲ್ಲಿ ಅಳತೆಯ ಕೋಲು, ಬೆಳಕು ಒಂದು ಬದಿಯಿಂದ ಎಂದು ಸಮಾಧಾನವಾಗಿಯೇ ಹೇಳಿದರು. ಆ ಫೋಟೋ ಇಟ್ಟುಕೊಂಡು ನಾನೂ ನೀಲಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆದರೆ ಬದಿಯಿಂದ ಬೆಳಕು ಬಿದ್ದ ಫೋಟೋಗಳು ಬರಲು ಶುರುವಾದವು ನೋಡಿ, ನಗು ನಿಂತುಹೋಯಿತು. ಕತ್ತಲೆ ಕೋಣೆಯಿಂದ ನೀಲಾ ಒದ್ದೆ ಕಾಗದ ಹಿಡಿದು ಓಡಿಬರುವಳು: ಅಕ್ಕಾ, ಈ ಕುದುರೆಯ ಲಗಾಮು ನೋಡಿ, ಅಕ್ಕಾ, ಈ ಹೆಂಗಸಿನ ತುರುಬು ನೋಡಿ, ಈಗ ಕಟ್ಟಿಕೊಂಡ ಹಾಗಿದೆ! ಎಷ್ಟೋ ಸಲ ಅದೇ ಬಂದಳಿಕೆಗೆ ಹೋಗಿ, ಅದೇ ಕಲ್ಲಿಗೆ ಬೆನ್ನು ಕೊಟ್ಟು ಕೂತು ಬುತ್ತಿ ಉಂಡವಳು ನಾನು. ಒಮ್ಮೆಯೂ ಕಂಡಿರಲಿಲ್ಲ. ಮನೆ ತುಂಬ ಹಗ್ಗ ಕಟ್ಟಿ ಫೋಟೋ ಒಣಹಾಕಿದ್ದೆವು, ಬಗ್ಗಿಕೊಂಡೇ ಓಡಾಡಬೇಕಾಗಿತ್ತು, ಆದರೂ ಯಾರಿಗೂ ಬೇಸರವಿರಲಿಲ್ಲ.

ಹೀಗಿರುವಾಗ ಒಂದು ದಿನ ಸಾಹೇಬರು ಮುಖ ಸಣ್ಣದು ಮಾಡಿಕೊಂಡು ಬಂದರು. ಬಂದಳಿಕೆಯ ಆಚೆ ಹಳೇಕಟ್ಟೆ ಎಂಬ ಸಣ್ಣ ಊರು. ಅಲ್ಲಿಯ ಕಲ್ಲಿನ ಗುಡಿಯಲ್ಲಿ ಕಟ್ಟೆಯಮ್ಮ ಎಂಬ ದೇವಿ. ಹಿಂದಿನ ಮಳೆಗಾಲದಲ್ಲಿ ಗುಡಿಯ ಒಳಚಾವಣಿಯ ಒಂದು ಚಪ್ಪಡಿ ಜಾರಿ ಬಿದ್ದು ಅಮ್ಮನ ಎಡಗೈ ಮುರಿದಿತ್ತು. ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ, ಕೆರೆಗೆ ಬಿಡಬೇಕು, ಅದು ಎಲ್ಲ ಕಡೆಯ ಪದ್ಧತಿ. ಊರ ಗೌಡ ಧರ್ಮಪ್ಪ ಮತ್ತು ಹಿರಿಯರು ಬರುವ ಮಂಗಳವಾರ ಕೆರೆಗೆ ಬಿಡುವುದೆಂದು ತೀರ್ಮಾನಿಸಿದ್ದರು. ಸಾಹೇಬರು ಮ್ಯೂಸಿಯಂಗೆ ಕೊಡಿ ಎಂದು ಕೈಮುಗಿದು ಕೇಳಿದರಂತೆ. ಚಪ್ಪಲಿ ಹಾಕಿಕೊಂಡು ಬಂದವರೆಲ್ಲ ನೋಡುವ ಜಾಗದಲ್ಲಿ ನಮ್ಮ ತಾಯಿಯನ್ನು ನಿಲ್ಲಿಸಲೇ ಎಂದರಂತೆ ಧರ್ಮಪ್ಪ. ಫೋಟೋ ಬೇಕಾದರೆ ತೆಗೆದುಕೊಂಡು ಹೋಗಿ ಎನ್ನುವಷ್ಟಕ್ಕೆ ಒಪ್ಪಿದ್ದರು.

ಒಪ್ಪಿದ ಮೇಲೆ ಇನ್ನೇನು ಎಂದರೆ, ಅಲ್ಲೇ ಇದ್ದದ್ದು ಸಿಕ್ಕು. ಕಟ್ಟೆಯಮ್ಮನಿಗೆ ಯಾವಾಗಲೂ ಸೀರೆ, ಮುಖಕ್ಕೆ ಮೂಗುತಿ ಇಟ್ಟ ಬೆಳ್ಳಿಯ ಮುಖವಾಡ. ಸಾಹೇಬರಿಗೆ ಬೇಕಾದದ್ದು ಬರಿಯ ಕಲ್ಲು. ಅಮ್ಮನ ಸೇವೆ ಮಾಡುವ ದ್ಯಾಮಮ್ಮ ಎಂಬ ಮುದುಕಿ ಗುಡಿಯ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದಳು: ಸೀರೆ ಇಲ್ಲದ ಅಮ್ಮನನ್ನು ಗಂಡಸು ನೋಡುವ ಹಾಗಿಲ್ಲ, ಮೈ ತೊಳೆಯುವಾಗ ಪೂಜಾರಿ ಕೂಡ ನೋಡಿದ್ದಿಲ್ಲ, ಅದು ಅವಳ ಮನೆಯ ಸೊಸೆಯರ ಕೆಲಸ. ಸೀರೆ ಉಡಿಸಿಯೇ ತೆಗೆಯೋಣ ಬಿಡಿ ಎಂದ ವೀರಬಸ. ನನಗೇನು ಕ್ಯಾಲೆಂಡರಿಗೆ ಬೇಕೇನ್ರೀ ಎಂದು ಸಾಹೇಬರು ಮೊದಲ ಸಲ ಸಿಡುಕಿದರು. ಎಂಟುನೂರು ವರ್ಷದ ಕೆಲಸ ಅದು, ಮಂಗಳವಾರ ಕಳೆದರೆ ಇನ್ನು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದರು.

ನೀಲಾ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದವಳು ಮುಂದೆ ಬಂದಳು.

"ನಾನು ತೆಗೀತೀನ್ರೀ" ಎಂದಳು.

ಗಂಡಸರಿಬ್ಬರೂ ಅವಳ ಮುಖ ನೋಡಿದರು. ನನ್ನ ತಮ್ಮ ಪ್ಲೇಟು ಒಡೆಯುತ್ತದೆ, ಬೆಳಕು ತಪ್ಪುತ್ತದೆ, ನಿನಗೆ ಅಭ್ಯಾಸವಿಲ್ಲ ಎಂದು ಶುರು ಮಾಡಿದ. ಅಭ್ಯಾಸ ಮಾಡಲು ನೀನು ಬಿಟ್ಟಿದ್ದೆಯೇನೋ ಎಂದು ನಾನು ತರಾಟೆಗೆ ತೆಗೆದುಕೊಂಡೆ. ಸಾಹೇಬರು ಮಾತ್ರ ಕನ್ನಡಕ ಒರೆಸುವುದನ್ನೂ ಮರೆತು, ಭಾನುವಾರ ಬೆಳಿಗ್ಗೆ ಹೊರಡೋಣವೇ ಅಮ್ಮಾ ಎಂದು ಅವಳನ್ನೇ ಕೇಳಿದರು. ಮುಂದೆ ಈ ಎರಡು ತಾಲ್ಲೂಕಿನಲ್ಲಿ ಗಂಡಸರ ಎದುರು ಕೂರಲೊಪ್ಪದ ಎಷ್ಟು ಹೆಂಗಸರ ಫೋಟೋ ನೀಲಾ ತೆಗೆದಳೋ ಲೆಕ್ಕವಿಲ್ಲ. ಎಲ್ಲದರ ಮೊದಲು ಇದು.

ಭಾನುವಾರ ಗಾಡಿಯಲ್ಲಿ ಅವಳು ಕ್ಯಾಮೆರಾ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು, ಯಾರ ಕೈಗೂ ಕೊಡಲಿಲ್ಲ. ನನಗೆ ಅವಳಿಗಿಂತ ಹೆಚ್ಚು ಪುಕುಪುಕು. ಹಳೇಕಟ್ಟೆಯಲ್ಲಿ ಇಳಿದು ಗುಡಿಯೊಳಗೆ ಹೋದರೆ, ಶಿವನೇ, ಮಧ್ಯಾಹ್ನದಲ್ಲೂ ದೀಪ ಬೇಕಾಗುವಂಥ ಕತ್ತಲೆ. ಅದರ ಮೇಲೆ ಊರಿನ ಹೆಂಗಸರು ಇನ್ನೊಂದು ಕೆಲಸ ಮಾಡಿಟ್ಟಿದ್ದರು. ಫೋಟೋ ಅಂದರೆ ಸುಮ್ಮನೆಯೇ? ಅಮ್ಮನಿಗೆ ಹೊಸ ಇಳಕಲ್ ಸೀರೆ ಉಡಿಸಿ, ಕುತ್ತಿಗೆಯವರೆಗೆ ಸೇವಂತಿಗೆ ಪೇರಿಸಿ, ಊರಲ್ಲಿದ್ದ ಸರವನ್ನೆಲ್ಲ ಹಾಕಿದ್ದರು. ಮುಖವಾಡದ ತುದಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಇದನ್ನೆಲ್ಲ ಬಿಚ್ಚಬೇಕು ಎಂದು ಹೇಳುವ ಧೈರ್ಯ ನನಗಿರಲಿಲ್ಲ. ನೀಲಾ ದ್ಯಾಮಮ್ಮನ ಕಾಲಿಗೆ ನಮಸ್ಕಾರ ಮಾಡಿ, ಅಮ್ಮನ ಜಳಕ ನೋಡೋಕೆ ಬಂದೀನಿ, ನಿಮ್ಮ ಸೊಸೆ ಅಂತ ತಿಳ್ಕೊಳ್ರಿ ಎಂದಳು. ಮುದುಕಿ ಅವಳ ಕಂದು ಉಗುರುಗಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಬಾ ಎಂದಳು.

ಗಂಡಸರನ್ನೆಲ್ಲ ಕೆರೆಯ ಏರಿಯ ಮೇಲೆ ಕಳಿಸಿದೆವು. ಸಾಹೇಬರೂ ಹೋದರು, ನನ್ನ ತಮ್ಮನೂ ಹೋದ, ಹತ್ತು ಸಲ ಹಿಂದೆ ತಿರುಗಿ ನೋಡುತ್ತ. ವೀರಬಸ ಬೆಳಕಿಗೆಂದು ಭಗ್ಗನೆ ಉರಿಯುವ ಒಂದು ಪುಡಿ ಕೊಟ್ಟಿದ್ದ. ಅದನ್ನು ಹಚ್ಚಿದರೆ ಅಮ್ಮನ ಮುಖಕ್ಕೆ ಹೊಗೆ, ನಮ್ಮ ಸೆರಗಿಗೆ ಬೆಂಕಿ. ನೀಲಾ ಅದನ್ನು ಮುಟ್ಟಲೂ ಇಲ್ಲ. ಬಾಗಿಲ ಹೊರಗೆ ಬಿದ್ದಿದ್ದ ಬಿಸಿಲನ್ನು ನೋಡಿದಳು, ಒಳಗಿನ ಕತ್ತಲೆಯನ್ನು ನೋಡಿದಳು, ಆಮೇಲೆ ಹೆಂಗಸರ ಕಡೆ ತಿರುಗಿ ಮನೆಯಲ್ಲಿರುವ ಕನ್ನಡಿ ತರಲು ಹೇಳಿದಳು.

ತಂದರು ನೋಡಿ! ಮರದ ಚೌಕಟ್ಟಿನವು, ಮೂಲೆ ಒಡೆದವು, ಕುಂಕುಮದ ಪೆಟ್ಟಿಗೆಯ ಮುಚ್ಚಳದ್ದು, ಗಂಡ ಗಡ್ಡ ಹೆರೆದುಕೊಳ್ಳುವುದು. ಉಚ್ಚಂಗಮ್ಮ ಎಂಬ ಗಟ್ಟಿಗಿತ್ತಿ ಕ್ಷೌರದ ಅಂಗಡಿಯ ಕನ್ನಡಿಯನ್ನೇ ಗೋಡೆಯಿಂದ ಕಿತ್ತು ತಲೆಯ ಮೇಲೆ ಹೊತ್ತು ತಂದಳು. ಅವಳು ಹೊರಗೆ ಬಿಸಿಲಲ್ಲಿ, ಉಳಿದವರು ಮಂಟಪದ ಕಂಬಕಂಬಕ್ಕೆ, ಕೊನೆಗೆ ನಾನು ಗರ್ಭಗುಡಿಯೊಳಗೆ ಮೂಲೆಯಲ್ಲಿ. ಉಚ್ಚಂಗಮ್ಮನ ಕನ್ನಡಿಯ ಬಿಸಿಲು ಮಂಟಪದ ಕನ್ನಡಿಗೆ, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ನನ್ನದಕ್ಕೆ. ಮೊದಮೊದಲು ಬೆಳಕು ಚಾವಣಿಗೆ ಹಾರಿತು, ಒಬ್ಬಳ ಕಣ್ಣಿಗೆ ಹೊಡೆಯಿತು, ಬಾವಲಿಗಳೆಲ್ಲ ಎದ್ದು ನಮ್ಮ ತಲೆಯ ಮೇಲೇ ಹಾರಾಡಿದವು. ಕಿರುಚಿದವರೆಷ್ಟು, ನಕ್ಕವರೆಷ್ಟು. ನೀಲಾ ಮಂಟಪದ ನಡುವೆ ನಿಂತು, ನಿಮ್ದು ಒಂದೀಟು ಕೆಳಗೆ, ನಿಮ್ದು ಎಡಕ್ಕೆ ಎಂದು ಎಲ್ಲರನ್ನೂ ತಿದ್ದಿದಳು. ಆಮೇಲೆ ಒಮ್ಮೆಗೇ ನನ್ನ ಕೈಯಲ್ಲಿದ್ದ ಕನ್ನಡಿ ಧಗ್ಗೆಂದಿತು, ಬಿಸಿಲು ಬದಿಯಿಂದ ಗರ್ಭಗುಡಿಯೊಳಗೆ ಬಂದು ನಿಂತಿತು. ಆ ಕಲ್ಲಿನ ಗೋಡೆ ಕಟ್ಟಿದ ಮೇಲೆ ಅಲ್ಲಿಗೆ ಬಿಸಿಲು ಬಂದದ್ದು ಅವತ್ತೇ ಇರಬೇಕು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಮಂಟಪದವರಿಗೆ ಬೆಳಕು ಕಾಣುತ್ತಿತ್ತೇ ಹೊರತು ಅಮ್ಮ ಕಾಣುತ್ತಿರಲಿಲ್ಲ. ಒಳಗಿದ್ದವರು ನಾವು ಮೂವರೇ. ದ್ಯಾಮಮ್ಮ ಹೂ ತೆಗೆದಳು, ಸೀರೆ ಬಿಚ್ಚಿದಳು, ಬಿಸಿನೀರು, ಸೀಗೆಪುಡಿ ಹಾಕಿ ಎಣ್ಣೆಯ ಜಿಡ್ಡು ತಿಕ್ಕಿದಳು. ಜಿಡ್ಡು ಇಳಿದ ಹಾಗೆ ಒಂದೊಂದೇ ಹೊರಗೆ ಬಂತು. ಸೊಂಟದ ಪಟ್ಟಿಯ ಕಾಳು ಕಾಳು ಮಣಿ, ಕಾಲಂದುಗೆ, ಪಾದದ ಹತ್ತಿರ ಒಂದು ಪುಟ್ಟ ಸಿಂಹ, ಅದರ ನಾಲಿಗೆ ಸಹ. ಸಿಂಹ ಐತೆ ಕಣ್ರೇ ಎಂದು ನಾನು ಕೂಗಿದೆ. ಮಂಟಪದಿಂದ, ಹೌದಾ, ಎಷ್ಟು ದೊಡ್ಡದು, ಬಾಯಿ ತೆರೆದೈತಾ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಎಡಗೈ ಮೊಣಕೈಯಿಂದ ಕೆಳಗಿರಲಿಲ್ಲ. ಮುರಿದ ಜಾಗ ಬೂದಿ ಬಣ್ಣಕ್ಕೆ ಹಸಿಹಸಿಯಾಗಿ ಕಾಣುತ್ತಿತ್ತು.

ಉಳಿದದ್ದು ಬೆಳ್ಳಿಯ ಮುಖವಾಡ. ಇದು ಇರಲಿ ಎಂದಳು ದ್ಯಾಮಮ್ಮ. ಮುಖವೇ ಇಲ್ಲದ ಫೋಟೋ ಹೇಗೆ ಕೊಡಲಿ ಎಂದಳು ನೀಲಾ. ಮುದುಕಿ ಮುಖವಾಡದ ಮೇಲಿಟ್ಟ ಕೈ ತೆಗೆಯಲಿಲ್ಲ. ಹೊರಗೆ ಉಚ್ಚಂಗಮ್ಮ ತನ್ನ ಕೈ ಸೋತುಹೋಗುತ್ತಿದೆ, ಬಿಸಿಲೂ ಸರಿಯುತ್ತಿದೆ ಎಂದು ಕೂಗಿದಳು. ದ್ಯಾಮಮ್ಮ ಮುಖವಾಡ ತೆಗೆದಳು.

ಅಮ್ಮನಿಗೆ ಮೂಗೇ ಇರಲಿಲ್ಲ.

ಚಪ್ಪಡಿ ಇಲ್ಲಿಗೂ ಬಡಿದಿದೆ ಎಂದುಕೊಂಡೆ ನಾನು. ದಿನವೂ ಮುಖಗಳ ಕುಳಿಯನ್ನೇ ನೋಡುವ ನೀಲಾ ಹಾಗೆಂದುಕೊಳ್ಳಲಿಲ್ಲ. ಹತ್ತಿರ ಹೋಗಿ, ಮುಟ್ಟದೆ, ಬಗ್ಗಿ ನೋಡಿದಳು. ಕೈ ಮುರಿದ ಜಾಗ ಬೂದಿ ಬಣ್ಣ, ಒರಟು. ಮೂಗು ಹೋದ ಜಾಗ ಮಿಕ್ಕ ಮೈಯ ಹಾಗೇ ಕಪ್ಪು, ಎಣ್ಣೆಯ ಕೈ ಆಡಿ ಆಡಿ ನುಣುಪಾಗಿತ್ತು.

"ಇದು ಹಳೇದು ಅಲ್ವಾ ಅಮ್ಮಾ?" ಎಂದು ಮೆಲ್ಲಗೆ ಕೇಳಿದಳು.

ದ್ಯಾಮಮ್ಮ ಕೆಳಗೆ ಕುಸಿದು ಕೂತಳು. ಅವಳು ಮದುವೆಯಾಗಿ ಬಂದ ವರ್ಷ ಅತ್ತೆ ಗರ್ಭಗುಡಿಗೆ ಕರೆದುಕೊಂಡು ಬಂದು ಮೊದಲ ಸಲ ಮುಖವಾಡ ತೆಗೆದು ತೋರಿಸಿದ್ದಳಂತೆ. ಆ ಅತ್ತೆಗೆ ಅವಳ ಅತ್ತೆ ತೋರಿಸಿದ್ದಳಂತೆ. ಮುಖವಾಡ ಮಾಡಿಸಿದ್ದೇ ಅದಕ್ಕೆ. ಗಂಡಸರಿಗೆ ಗೊತ್ತಾದರೆ ಭಿನ್ನವೆಂದು ಕೆರೆಗೆ ಹಾಕುತ್ತಾರೆ, ಬಾಯಿ ಬಿಡಬೇಡ ಎಂದು ಆಣೆ ಇಡಿಸಿಕೊಂಡಿದ್ದರಂತೆ. ಹೀಗೆ ಎಷ್ಟು ತಲೆಮಾರು ಆ ಮನೆಯ ಹೆಂಗಸರು ತಮ್ಮ ಅಮ್ಮನನ್ನು ಉಳಿಸಿಕೊಂಡು ಬಂದಿದ್ದರೋ. ಈ ಸಲ ಚಪ್ಪಡಿ ಬಿದ್ದದ್ದು ಊರೆಲ್ಲ ನೋಡಿತ್ತು, ಮುಚ್ಚಿಡಲು ಆಗಲಿಲ್ಲ.

ಹಾಗಾದರೆ ಹೇಳಿಬಿಡಿ, ಇಷ್ಟು ಕಾಲ ಭಿನ್ನವಾಗಿಯೇ ಪೂಜೆ ತಗೊಂಡಿದ್ದಾಳೆ, ಈಗ್ಯಾಕೆ ಕೆರೆಗೆ ಎಂದೆ. ದ್ಯಾಮಮ್ಮ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಊರಲ್ಲಿ ಸತ್ತ ಕೂಸು, ಬಂದ ಸಿಡುಬು, ಒಣಗಿದ ಗದ್ದೆ ಎಲ್ಲವನ್ನೂ ನನ್ನ ತಲೆಗೆ ಕಟ್ಟುತ್ತಾರೆ, ನೀವು ಭಿನ್ನ ಪೂಜೆ ಮಾಡಿಸಿದ್ದಕ್ಕೇ ಹೀಗಾಯಿತು ಅನ್ನುತ್ತಾರೆ ಎಂದಳು. ಆಮೇಲೆ ನೀಲಾನ ಕೈ ಹಿಡಿದುಕೊಂಡಳು. ಶಿರಾಳಕೊಪ್ಪದ ಫೋಟೋದವಳು ಸಿಡುಬಿನ ಕಲೆ ಅಳಿಸುತ್ತಾಳೆ ಎಂಬುದು ಅವಳ ಕಿವಿಗೂ ಬಿದ್ದಿತ್ತು.

"ಅಮ್ಮಗೊಂದು ಮೂಗು ಬರೀ ತಂಗೀ. ಕೆರೆಗೆ ಹೋದ್ಮ್ಯಾಗೆ ಆ ಕಾಗದದಾಗಾದ್ರೂ ಚೆಂದಾಗಿರ್ಲಿ."

ಮೊದಲು ಫೋಟೋ ಆಗಲಿ ಅಮ್ಮಾ ಎಂದಳು ನೀಲಾ. ಬಿಸಿಲು ಸರಿಯುತ್ತಿತ್ತು. ಕಪ್ಪು ಬಟ್ಟೆಯೊಳಗೆ ಹೋದಳು, ಹೊರಗೆ ಬಂದಳು, ಪ್ಲೇಟು ಸೇರಿಸಿದಳು, ಯಾರೂ ಅಲುಗಾಡಬೇಡಿ ಎಂದು ಕೂಗಿ ಮುಚ್ಚಳ ತೆಗೆದಳು. ಓಂ ನಮಃ ಶಿವಾಯ ಶುರುವಾಯಿತು. ಬಾಯೊಳಗಲ್ಲ, ಗಟ್ಟಿಯಾಗಿ. ಮಂಟಪದ ಹೆಂಗಸರೂ ದನಿಗೂಡಿಸಿದರು. ನನ್ನ ತೋಳು ಬಿದ್ದುಹೋಗುವ ಹಾಗಿತ್ತು, ಕನ್ನಡಿ ಮಾತ್ರ ಅಲುಗಿಸಲಿಲ್ಲ. ಮುಚ್ಚಳ ಹಾಕಿದ ಮೇಲೆ ನೀಲಾ ನೆಲಕ್ಕೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಜೀವನದ ಮೊದಲ ಫೋಟೋ.

ಅವತ್ತು ಸಂಜೆಯೇ ಗಾಜು ತೊಳೆದಳು. ಒಂದು ಗೀರಿಲ್ಲ, ಒಂದು ಮಸುಕಿಲ್ಲ. ವೀರಬಸ ಬಾಗಿಲು ತಟ್ಟಿ, ಬಂತಾ, ಬಂತಾ ಎಂದು ಕೇಳಿದ್ದೇ ಕೇಳಿದ್ದು. ದ್ಯಾಮಮ್ಮ ಒಪ್ಪುವವರೆಗೆ ಯಾವ ಗಂಡಸೂ ನೋಡುವ ಹಾಗಿಲ್ಲ ಎಂದು ಒಳಗಿನಿಂದಲೇ ಹೇಳಿದಳು. ಸೋಮವಾರ ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು ಗಾಜನ್ನು ಬೆಳಕಿಗೆ ಹಿಡಿದಳು. ಪೆನ್ಸಿಲು ಚೂಪು ಮಾಡಿದಳು. ಒಂದು ಮೂಗು ಬರೆಯುವುದು ಅವಳಿಗೆಷ್ಟು ಹೊತ್ತಿನ ಕೆಲಸ? ನಾನು ಎದುರಿಗೇ ಕೂತಿದ್ದೆ. ಪೆನ್ಸಿಲಿನ ತುದಿ ಗಾಜಿನ ಹತ್ತಿರ ಹೋಗಿ ಹೋಗಿ ವಾಪಸ್ಸು ಬಂತು.

"ಮೂಗಿಲ್ದೇ ಇದ್ರೂ ಅವರು ಇಷ್ಟು ದಿನ ಬಿಡ್ಲಿಲ್ಲಲ್ಲ ಅಕ್ಕಾ" ಎಂದಳು, "ನಾನ್ಯಾಕೆ ಅಳಿಸ್ಲಿ?"

ಪೆನ್ಸಿಲು ಡಬ್ಬಿಗೆ ಹೋಯಿತು. ಗಾಜು ಇದ್ದ ಹಾಗೇ ಕಾಗದಕ್ಕೆ ಇಳಿಯಿತು.

ಮಂಗಳವಾರ ನಾವು ಹೋಗುವಷ್ಟರಲ್ಲಿ ಹಳೇಕಟ್ಟೆಯ ಏರಿಯ ಮೇಲೆ ಊರೇ ನೆರೆದಿತ್ತು. ಡೊಳ್ಳು, ಹಗ್ಗ, ಮರದ ದಿಮ್ಮಿ ಎಲ್ಲ ಸಿದ್ಧ. ನೀಲಾ ಯಾರ ಜೊತೆಯೂ ಮಾತಾಡದೆ ಗುಡಿಯೊಳಗೆ ಹೋಗಿ ದ್ಯಾಮಮ್ಮನ ಕೈಗೆ ಫೋಟೋ ಕೊಟ್ಟಳು. ನನ್ನ ಕೈಲಿ ಮೂಗು ಬರೆಯೋಕಾಗಲಿಲ್ಲ, ನೀವು ಹರಿ ಅಂದರೆ ಈಗಲೇ ಹರಿದು, ಗಾಜನ್ನೂ ಒಡೆದುಬಿಡುತ್ತೇನೆ ಎಂದಳು. ಮುದುಕಿ ಫೋಟೋವನ್ನು ದೀಪದ ಹತ್ತಿರ ಹಿಡಿದಳು. ಎಷ್ಟೋ ವರ್ಷ ಕತ್ತಲೆಯಲ್ಲಿ ಕೈ ತಡವಿ ತಡವಿ ಮೈ ತೊಳೆದವಳು ಅವಳು. ಭಾನುವಾರದ ಬೆಳಕಿನಲ್ಲೂ ಮೂರ್ತಿಗೆ ಅಂಟಿಕೊಂಡೇ ಇದ್ದವಳು, ಅಡಿಯಿಂದ ಮುಡಿಯವರೆಗೆ ಒಟ್ಟಿಗೆ ನೋಡಿದ್ದು ಈಗಲೇ.

"ಯವ್ವಾ, ಇಷ್ಟು ಚೆಂದ ಅದಾಳಾ!" ಎಂದಳು. ಹಾಗೆಂದವಳೇ ಫೋಟೋವನ್ನು ಎದೆಗೆ ಒತ್ತಿಕೊಂಡು ಎದ್ದು, ಕೋಲೂರುತ್ತ ಏರಿಯ ಕಡೆಗೆ ಹೊರಟಳು. ನಾವು ಹಿಂದೆ.

ಧರ್ಮಪ್ಪಗೌಡರು ಹಗ್ಗ ಬಿಚ್ಚಿಸುತ್ತ ನಿಂತಿದ್ದರು. ದ್ಯಾಮಮ್ಮ ಅವರ ಎದುರಿಗೆ ಹೋಗಿ ನಿಂತಳು. ಡೊಳ್ಳು ತಾನಾಗಿ ನಿಂತಿತು.

"ಗೌಡ್ರೇ, ಅಮ್ಮ ಈಗ ಭಿನ್ನ ಆದಾಕಿ ಅಲ್ಲ. ನಿಮ್ಮ ಮುತ್ತಜ್ಜ ಹುಟ್ಟೋಕೂ ಮುಂಚೆ ಆಕಿ ಮೂಗು ಹೋಗೈತೆ. ನಮ್ಮತ್ತೆ, ಅವರತ್ತೆ, ಎಲ್ರೂ ಮುಚ್ಚಿಟ್ಕಂಡು ಪೂಜೆ ಮಾಡ್ಯಾರೆ. ನಾನೂ ಮಾಡೀನಿ. ಆ ಪೂಜೆ ಮುಟ್ಟಿಲ್ಲ ಅಂದ್ರೆ, ಈ ಊರಾಗಿರೋ ಮಕ್ಕಳು ಮರಿ ಎಲ್ಲಾ ಯಾರ ಪುಣ್ಯದಾಗೆ ಬದುಕ್ಯಾರೆ ಹೇಳ್ರಿ."

ಗುಜುಗುಜು ಎದ್ದಿತು. ಅನಾಚಾರ ಎಂದ ಒಬ್ಬ. ಅಮ್ಮನನ್ನು ಬಿಡಲಾಗದೆ ಮುದುಕಿ ಕಟ್ಟಿದ ಕಥೆ ಇದು ಎಂದ ಇನ್ನೊಬ್ಬ. ಧರ್ಮಪ್ಪ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಇದು ನಿಜವೆಂದು ಹೇಗೆ ನಂಬುವುದು ಎಂದು ಕೇಳಿದರು. ಆಗ ನೀಲಾ ದ್ಯಾಮಮ್ಮನ ಕೈಯಿಂದ ಫೋಟೋ ತೆಗೆದುಕೊಂಡು, ಬಿಳಿಯ ಬೆನ್ನು ಮೇಲೆ ಬರುವಂತೆ ಮಗುಚಿ, ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದಳು. ಹಳೇ ಗಾಯ ಯಾವುದು, ಹೊಸದು ಯಾವುದು, ಇದರಲ್ಲಿ ಕಾಣುತ್ತದೆ, ಅಮ್ಮ ಜಳಕ ಮಾಡಿ ನಿಂತಿದ್ದಾಳೆ, ಮೈಮೇಲೆ ಒಂದೆಳೆ ನೂಲಿಲ್ಲ, ನೋಡುವುದಾದರೆ ನೋಡಿ ಎಂದಳು.

ಧರ್ಮಪ್ಪ ಅದನ್ನು ತೆಗೆದುಕೊಂಡರು. ತಿರುಗಿಸಿದರೆ ಸತ್ಯ ಕಾಣುತ್ತದೆ, ಆದರೆ ತಿರುಗಿಸುವುದಾದರೂ ಹೇಗೆ? ಹೆಬ್ಬೆರಳು ಕಾಗದದ ಅಂಚಿಗೆ ಬರುತ್ತಿತ್ತು, ಹಿಂದಕ್ಕೆ ಹೋಗುತ್ತಿತ್ತು. ಪಕ್ಕದ ಹಿರಿಯರಿಗೆ ಕೊಟ್ಟರು. ಅವರು ಕೈಗೆ ಕೆಂಡ ಬಿದ್ದವರಂತೆ ಮುಂದಿನವರಿಗೆ ದಾಟಿಸಿದರು. ಅನಾಚಾರ ಎಂದವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟ. ಮುದುಕಿಯ ಕಥೆ ಎಂದವನು ಆಕಾಶ ನೋಡಿದ. ಒಬ್ಬರೂ ಮಗುಚಲಿಲ್ಲ. ನೋಡದೆ ಸುಳ್ಳು ಎನ್ನಲು ಅಷ್ಟು ಹೆಂಗಸರ ಎದುರು ಯಾರಿಗೂ ನಾಲಿಗೆ ಏಳಲಿಲ್ಲ. ಫೋಟೋ ಏರಿಯ ಮೇಲಿದ್ದ ಗಂಡಸರ ಕೈಯೆಲ್ಲ ಸುತ್ತಿ, ಬಿಳಿಯ ಬೆನ್ನು ಮೇಲಾಗಿಯೇ ಧರ್ಮಪ್ಪನವರ ಕೈಗೆ ವಾಪಸ್ಸು ಬಂತು. ದೂರದಲ್ಲಿ ಸಾಹೇಬರು ಕನ್ನಡಕ ಒರೆಸುತ್ತ ನಿಂತಿದ್ದರು. ನಾನು ನೀಲಾನ ಕೈ ಎಷ್ಟು ಜೋರಾಗಿ ಹಿಡಿದಿದ್ದೆನೆಂದರೆ ಅವಳು ಆಮೇಲೆ ಗುರುತು ತೋರಿಸಿದಳು.

ಧರ್ಮಪ್ಪ ಫೋಟೋವನ್ನು ಒಮ್ಮೆ ಕಣ್ಣಿಗೆ ಒತ್ತಿಕೊಂಡರು, ಬೆನ್ನಿನ ಕಡೆಯನ್ನೇ. ಆಮೇಲೆ ದ್ಯಾಮಮ್ಮನಿಗೆ ಕೊಟ್ಟು, ಹಗ್ಗ ಹಿಡಿದವರಿಗೆ ಸುತ್ತಿ ಒಳಗಿಡಲು ಹೇಳಿದರು.

"ಹೋಗವ್ವ, ಅಮ್ಮಗೆ ಸೀರೆ ಉಡ್ಸು. ಪೂಜೆಗೆ ಹೊತ್ತಾತು."

ನಡೆಯಲು ಕೋಲು ಬೇಕಾಗಿದ್ದ ದ್ಯಾಮಮ್ಮ ಗುಡಿಯ ಕಡೆಗೆ ಓಡಿದಳು. ಕೋಲು ಏರಿಯ ಮೇಲೇ ಬಿದ್ದಿತ್ತು. ಹೆಂಗಸರೆಲ್ಲ ಅವಳ ಹಿಂದೆ ಓಡಿದರು, ಉಚ್ಚಂಗಮ್ಮ ಎಲ್ಲರಿಗಿಂತ ಮುಂದೆ, ನೀಲಾನೂ ಓಡಿದಳು, ನಾನೂ ಸೀರೆ ಎತ್ತಿಕಟ್ಟಿ ಓಡಿದೆ.